ಅನುಪಲಬ್ಧಿ ಮತ್ತು ಗ್ರೆಪ್‌ನ ಮೌನ

ಹುಡುಕಿದ್ದು ಸಿಗದಿದ್ದರೆ ಅದು ಇಲ್ಲವೆಂದೇ ತಿಳಿಯಬಹುದೇ ಎಂಬುದು ಭಾರತೀಯ ಪ್ರಮಾಣಶಾಸ್ತ್ರದ ಹಳೆಯ ಪ್ರಶ್ನೆಗಳಲ್ಲೊಂದು. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಕಾಣದಿರುವಿಕೆಯನ್ನೇ, ಎಂದರೆ ಅನುಪಲಬ್ಧಿಯನ್ನೇ, ಅಭಾವವನ್ನು ತಿಳಿಸುವ ಬೇರೆಯೇ ಒಂದು ಪ್ರಮಾಣವೆಂದು ಒಪ್ಪಿದರು. ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರನ್ನೇ ಪ್ರಮಾಣವೆಂದ ಮಾಧ್ವರು ಅದನ್ನು ಆ ಮೂರರೊಳಗೇ ಅಡಗಿಸಿದರು. ಅನುಪಲಬ್ಧಿಯನ್ನು ಎತ್ತಿಹಿಡಿದವರು ಸಹ ಒಂದು ಷರತ್ತನ್ನು ಸಡಿಲಿಸಲಿಲ್ಲ: ಕಾಣಲು ಯೋಗ್ಯವಾದ ವಸ್ತು, ಕಾಣಲು ಬೇಕಾದ ಸಾಮಗ್ರಿಯೆಲ್ಲ ಒದಗಿದ ಮೇಲೂ ಕಾಣದಿದ್ದಾಗ ಮಾತ್ರ ಅದು ಅಲ್ಲಿಲ್ಲ ಎನ್ನಬಹುದು. ಇದಕ್ಕೆ ಯೋಗ್ಯಾನುಪಲಬ್ಧಿ ಎಂದು ಹೆಸರು.

ಈ ಷರತ್ತಿನ ಬೆಲೆ ಹರಿದಾಸರ ಪದಗಳನ್ನು ಗಣಕಯಂತ್ರದಲ್ಲಿ ಹುಡುಕುವಾಗ ಸ್ಪಷ್ಟವಾಗುತ್ತದೆ. ಗಡಿನಾಡನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ: ಆದವಾನಿಗೂ ಮಂತ್ರಾಲಯಕ್ಕೂ ನಡುವಿನ ಪೆದ್ದಕಡುಬೂರಿನ ಸೀಮೆ ದಾಸಸಾಹಿತ್ಯಕ್ಕೆ ಹೊರಗಿನದಲ್ಲ. ರಾಘವೇಂದ್ರರು 1671ರಲ್ಲಿ ವೃಂದಾವನಸ್ಥರಾದ ಮಂಚಾಲೆ, ಎಂದರೆ ಮಂತ್ರಾಲಯ, ಒಂದು ಕಡೆಗಾದರೆ ವಿಜಯದಾಸರ ಕಟ್ಟೆಯಿರುವ ಚಿಪ್ಪಗಿರಿ ಇನ್ನೊಂದು ಕಡೆಗಿದೆ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದ ಮೇಲೆ ಇಲ್ಲಿ ಶಾಲೆಯ ಲಿಪಿ ಬಹುಮಟ್ಟಿಗೆ ತೆಲುಗೇ ಆಯಿತು, ಆದರೆ ಕನ್ನಡದ ಪದಗಳನ್ನು ತೆಲುಗು ಅಕ್ಷರಗಳಲ್ಲಿ ಬರೆದುಕೊಂಡು ಹಾಡುವುದಕ್ಕೆ ಅಡ್ಡಿಯಾಗಲಿಲ್ಲ. ಒಂದು ಪದ ಯಾರದೆಂದು ತೀರ್ಮಾನಿಸಲು ಮೊದಲ ಆಧಾರ ಕೊನೆಯಲ್ಲಿ ಬರುವ ಅಂಕಿತ, ಅಂದರೆ ದಾಸರು ರಚನೆಗೆ ಹಾಕುವ ಮುದ್ರೆ: ವಿಜಯದಾಸರದು ವಿಜಯ ವಿಠಲ, ಗೋಪಾಲದಾಸರದು ಗೋಪಾಲ ವಿಠಲ. ಆದ್ದರಿಂದ ಅಂಕಿತ ಸಿಗಲಿಲ್ಲ ಎಂಬ ಮಾತು ಕರ್ತೃತ್ವವನ್ನೇ ಕಿತ್ತುಕೊಳ್ಳುವಷ್ಟು ಭಾರವಾದದ್ದು.

ಇಂಥ ಹುಡುಕಾಟಕ್ಕೆ ಲಿನಕ್ಸ್‌ನಲ್ಲಿ ಬಳಸುವ ಆದೇಶ ಗ್ರೆಪ್. ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ 1970ರ ದಶಕದಲ್ಲಿ ಯುನಿಕ್ಸ್‌ಗಾಗಿ ರಚಿಸಿದ ಈ ಸಾಧನ ಕಡತವನ್ನು ಸಾಲು ಸಾಲಾಗಿ ಓದಿ, ಕೊಟ್ಟ ವಿನ್ಯಾಸಕ್ಕೆ ಹೊಂದುವ ಸಾಲುಗಳನ್ನು ಮಾತ್ರ ತೋರಿಸುತ್ತದೆ. ವಿನ್ಯಾಸದಲ್ಲಿ ಕೆಲವು ಚಿಹ್ನೆಗಳಿಗೆ ವಿಶೇಷಾರ್ಥವಿದೆ, ಎಡವಟ್ಟು ಅಲ್ಲಿಂದಲೇ ಶುರು. ಕಡತಗಳ ಹೆಸರು ಬರೆಯುವಾಗ ನಕ್ಷತ್ರಚಿಹ್ನೆಗೆ ‘ಏನು ಬೇಕಾದರೂ’ ಎಂಬ ಅರ್ಥವಿರುವುದನ್ನು ರೂಢಿಸಿಕೊಂಡವರು ವಿಠಲ, ವಿಠ್ಠಲ ಎರಡೂ ಸಿಗಲೆಂದು ‘ವಿಠ*ಲ’ ಎಂದು ಕೊಡುತ್ತಾರೆ. ಗ್ರೆಪ್‌ಗೆ ಆ ಚಿಹ್ನೆಯ ಅರ್ಥ ‘ಹಿಂದಿನ ಅಕ್ಷರ ಒಮ್ಮೆಯೂ ಇಲ್ಲದಿರಬಹುದು, ಎಷ್ಟು ಸಲವಾದರೂ ಬರಬಹುದು’ ಎಂದಿರುವುದರಿಂದ ಒತ್ತಕ್ಷರದ ವಿಠ್ಠಲ ತಪ್ಪಿಹೋಗಿ, ಠಕಾರವೇ ಇಲ್ಲದ ‘ವಿಲಾಸ’ ಬಂದು ನಿಲ್ಲುತ್ತದೆ. ‘ವಿ.ಲ’ ಎಂದು ನಡುವೆ ಚುಕ್ಕೆಯಿಟ್ಟರೆ ಚುಕ್ಕೆಗೆ ಯಾವ ಅಕ್ಷರವೂ ಆದೀತಾದ್ದರಿಂದ ವಿಠಲನ ಜೊತೆಗೆ ವಿಮಲವೂ ವಿಫಲವೂ ಬರುತ್ತವೆ; ತಾರತಮ್ಯವನ್ನೇ ಉಸಿರಾಗಿಸಿಕೊಂಡ ಮಾಧ್ವ ಮತದ ಪದಗಳಲ್ಲಿ ವಿಠಲನಿಗೂ ವಿಫಲಕ್ಕೂ ಭೇದ ಕಾಣದ ಯಂತ್ರವಿದು ಎಂದು ನಗಬಹುದಾದರೂ, ಭೇದವನ್ನು ಅಳಿಸಿದ್ದು ಯಂತ್ರವಲ್ಲ, ಚುಕ್ಕೆಯಿಟ್ಟ ಕೈ.

ಬೇಡದ್ದು ಬಂದರೆ ಕಣ್ಣಿಗೆ ಬೀಳುತ್ತದೆ, ಅಷ್ಟರಮಟ್ಟಿಗೆ ಅದು ನಿರಪಾಯಕಾರಿ. ಬರಬೇಕಾದದ್ದು ಬಾರದಿದ್ದಾಗಲೇ ಕಷ್ಟ, ಏಕೆಂದರೆ ಗ್ರೆಪ್ ಆಗ ಏನೂ ಹೇಳದೆ ಸುಮ್ಮನಾಗುತ್ತದೆ. ಈಶ್ವರಕೃಷ್ಣನ ಸಾಂಖ್ಯಕಾರಿಕೆಯ ಏಳನೆಯ ಕಾರಿಕೆ ಇರುವ ವಸ್ತುವೂ ಕಾಣದಿರಲು ಎಂಟು ಕಾರಣಗಳನ್ನು ಎಣಿಸುತ್ತದೆ, ಅವುಗಳಲ್ಲಿ ಕೆಲವನ್ನಂತೂ ಈ ಮೌನಕ್ಕೆ ನೇರವಾಗಿ ಹೊಂದಿಸಬಹುದು. ಸೂಕ್ಷ್ಮತೆ ಅವುಗಳಲ್ಲೊಂದು: ‘ಗೋಪಾಲ’ದ ಗೋ ಎಂಬಲ್ಲಿನ ಓಕಾರದ ಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ, ಕೊಂಬು, ದೀರ್ಘಗಳೆಂದು ಬಿಡಿಸಿ ಮೂರು ಸಂಕೇತಗಳಾಗಿಯೂ ಇಡಬಹುದು, ತೆರೆಯ ಮೇಲೆ ಎರಡೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಒಂದೇ ಆಗಿ ಕಂಡರೂ, ಸಂಕೇತಗಳನ್ನಷ್ಟೇ ನೋಡುವ ಗ್ರೆಪ್‌ಗೆ ಅವು ಬೇರೆ ಬೇರೆ. ವ್ಯವಧಾನ, ಎಂದರೆ ನಡುವೆ ಅಡ್ಡ ಬರುವುದು, ಇನ್ನೊಂದು: ವಿಜಯ ಎಂಬುದು ಸಾಲಿನ ಕೊನೆಗೆ ಬಿದ್ದು ವಿಠಲ ಮುಂದಿನ ಸಾಲಿಗೆ ಸರಿದಿದ್ದರೆ, ಸಾಲಿನಾಚೆ ನೋಡದ ಸಾಧನಕ್ಕೆ ಅಂಕಿತವೇ ಇಲ್ಲ. ಇಂದ್ರಿಯಘಾತಕ್ಕೂ, ಎಂದರೆ ಇಂದ್ರಿಯವೇ ಕೆಟ್ಟಿರುವುದಕ್ಕೂ, ಉದಾಹರಣೆಯುಂಟು: ಗಣಕದ ಭಾಷಾವ್ಯವಸ್ಥೆಯನ್ನು ‘ಸಿ’ ಎಂಬ ಹಳೆಯ ಕ್ರಮದಲ್ಲಿಟ್ಟರೆ ಮೂರು ಬೈಟುಗಳ ಕನ್ನಡ ಅಕ್ಷರ ಅದಕ್ಕೆ ಒಂದು ಅಕ್ಷರವಾಗಿ ತೋರದೆ, ಎಲ್ಲವನ್ನೂ ಒಳಕ್ಕೆ ಬಿಟ್ಟ ಆ ಚುಕ್ಕೆಯೇ ಈಗ ವಿಠಲನನ್ನೂ ಹೊರಗಿಡುತ್ತದೆ. ತೆಲುಗು ಲಿಪಿಯ ಪ್ರತಿಯ ಮಾತಂತೂ ಬೇರೆಯೇ. ಎರಡೂ ಲಿಪಿ ಬಲ್ಲ ಗಡಿನಾಡಿನ ಓದುಗನಿಗೆ ಒಂದೇ ಆದ ಪದ, ಸಂಕೇತಗಳ ಲೆಕ್ಕದಲ್ಲಿ ಒಂದಕ್ಷರವೂ ಹೊಂದದು.

ಮಧ್ವಾಚಾರ್ಯರು ಪ್ರಮಾಣಲಕ್ಷಣದಲ್ಲಿ ಪ್ರತ್ಯಕ್ಷವನ್ನು ವಿವರಿಸುವಾಗ ನಿರ್ದೋಷ ಎಂಬ ವಿಶೇಷಣವನ್ನು ಮುಂದಿಡುತ್ತಾರೆ, ಅನುಮಾನಕ್ಕೂ ಆಗಮಕ್ಕೂ ಅದನ್ನೇ ಅನ್ವಯಿಸುತ್ತಾರೆ. ವಸ್ತುವಿನ ಬಗ್ಗೆ ತೀರ್ಪು ಕೊಡುವ ಮೊದಲು ಕರಣದ ದೋಷವನ್ನು ಪರಿಶೀಲಿಸಬೇಕೆಂಬ ಈ ಕ್ರಮ ಗ್ರೆಪ್‌ನ ಬಳಕೆಗೂ ಒಪ್ಪುತ್ತದೆ. ಕೆಲಸ ಮುಗಿಸಿದಾಗ ಗ್ರೆಪ್ ತೆರೆಯ ಹಿಂದೆ ಒಂದು ಅಂಕಿಯನ್ನು ಬಿಟ್ಟುಹೋಗುತ್ತದೆ: ಸಿಕ್ಕಿದ್ದರೆ 0, ಸಿಗದಿದ್ದರೆ 1, ಕಡತ ತೆರೆಯದೆಯೋ ವಿನ್ಯಾಸ ಕೆಟ್ಟೋ ಹುಡುಕಲೇ ಆಗದಿದ್ದರೆ 2. ಅಭಾವದ ಜ್ಞಾನಕ್ಕೂ ಜ್ಞಾನದ ಅಭಾವಕ್ಕೂ ನಡುವೆ ತಾರ್ಕಿಕರು ಎಳೆದ ಗೆರೆ 1 ಮತ್ತು 2ರ ನಡುವೆ ಅಲ್ಪಸ್ವಲ್ಪ ಮೂಡಿದೆ, ಪೂರ್ತಿಯಾಗಿ ಅಲ್ಲ. ಬಿಡಿಸಿಟ್ಟ ಓಕಾರವೋ ಸಾಲು ದಾಟಿದ ಅಂಕಿತವೋ ಇದ್ದಲ್ಲಿ ಯಂತ್ರ ಯಾವ ಅಳುಕೂ ಇಲ್ಲದೆ 1 ಎನ್ನುತ್ತದೆ.

ಹೀಗಾಗಿ ಯೋಗ್ಯತೆಯ ಪರೀಕ್ಷೆ ಹುಡುಕುವವರ ಪಾಲಿಗೇ ಉಳಿಯುತ್ತದೆ. ಪಾಠವನ್ನೆಲ್ಲ ಒಂದೇ ಸಂಕೇತರೂಪಕ್ಕೆ ತಂದು, ವಿನ್ಯಾಸವನ್ನು ಉದ್ಧರಣ ಚಿಹ್ನೆಗಳ ನಡುವೆ ಬರೆದು, ಅದೇ ಕಡತದಲ್ಲಿ ಖಂಡಿತವಾಗಿಯೂ ಇರುವ ಒಂದು ಅಂಕಿತದ ಸಾಲನ್ನು ಅದೇ ಬಗೆಯ ವಿನ್ಯಾಸದಿಂದ ಮೊದಲು ಹುಡುಕಿಸಬೇಕು. ಅದು ಸಿಕ್ಕ ಮೇಲಿನ ಮೌನಕ್ಕೆ ಸ್ವಲ್ಪ ತೂಕವುಂಟು. ಆ ತೂಕವೂ ಆ ಕಡತದ ಮಟ್ಟಿಗೆ ಮಾತ್ರ, ಏಕೆಂದರೆ ಅಚ್ಚಿಗೂ ಗಣಕಕ್ಕೂ ಇಳಿಯದೆ ಬಾಯಿಂದ ಬಾಯಿಗೆ ಬಂದ ಪದಗಳು ಗ್ರೆಪ್‌ನ ಮುಂದೆ ಎಂದೂ ಹಾಯ್ದಿಲ್ಲ.