ಎತ್ತಿಗೆ ಜ್ವರ, ಎಮ್ಮೆಗೆ ಬರೆ

2023ರ ಮೇ ತಿಂಗಳ ಒಂದು ಬೆಳಿಗ್ಗೆ. ಫ್ರಿಜ್ಜಿನ ಬಾಗಿಲು ತೆಗೆದರೆ ದೋಸೆಹಿಟ್ಟು ಪಾತ್ರೆಯ ಮುಚ್ಚಳವನ್ನು ತಳ್ಳಿಕೊಂಡು ಉಕ್ಕಿ, ಕೆಳಗಿನ ತರಕಾರಿ ಬುಟ್ಟಿಯ ತನಕ ಇಳಿದಿತ್ತು. ಹಾಲು ಕಾಯಿಸಲಿಟ್ಟರೆ ಒಡೆಯಿತು. ಹಿಂದಿನ ದಿನದ ಮೊಸರು ಬಾಯಿಗಿಡಲಾರದಷ್ಟು ಹುಳಿ. ಆದರೆ ಮೇಲಿನ ಫ್ರೀಜರಿನಲ್ಲಿ ಐಸು ಗಟ್ಟಿಯಾಗಿಯೇ ಇತ್ತು. ತವರಿನಿಂದ ತಂದು ಹಿಂಡಿಟ್ಟಿದ್ದ ಮಾವಿನ ರಸದ ಡಬ್ಬಿ ಕಲ್ಲಿನಂತಿತ್ತು. ಹಿಂಭಾಗದ ಗೋಡೆಯ ಮೇಲೆ ಮಾತ್ರ ಬೆಳ್ಳಗೆ ಮಂಜು, ಕಾಯಿತುರಿ ಹರಡಿದ ಹಾಗೆ.

ಇಷ್ಟನ್ನು ಕಂಡಮೇಲೆ ನಾನು ಯೋಚಿಸಿದೆ ಎಂದರೆ ಸುಳ್ಳಾದೀತು. ಮನೆಗೆಲಸಕ್ಕೆ ಬರುವಾಕೆ ಆಗ ತಾನೇ ಪಾತ್ರೆ ತೊಳೆಯಲು ಕೂತಿದ್ದಳು. ಅಲ್ಲಿಂದಲೇ ಕೇಳಿದೆ.

"ನಿನ್ನೆ ಸಂಜೆ ಹಿಟ್ಟು ಒಳಗಿಟ್ಟವಳು ನೀನೇ ಅಲ್ವಾ? ಬಾಗಿಲು ಸರಿಯಾಗಿ ಹಾಕಿದ್ಯಾ?"

ಆಕೆ ನಲ್ಲಿ ನಿಲ್ಲಿಸಿದಳು. ಸ್ವಲ್ಪ ಹೊತ್ತು ಬಿಟ್ಟು, "ಹಾಕಿರಲಿಲ್ಲವೇನೋ ಅಮ್ಮಾ. ಮರೆತಿರಬೇಕು" ಎಂದಳು. ನಮ್ಮವರು ಪೇಪರಿನಿಂದ ತಲೆಯೆತ್ತಿ ಆಕೆಯನ್ನೊಮ್ಮೆ ನೋಡಿ ಮತ್ತೆ ಪೇಪರಿಗಿಳಿದರು. ನಾನು ಹಾಲಿನ ದರ, ಮೊಸರಿನ ದರ, ಈ ಬಿಸಿಲಿನಲ್ಲಿ ಉದ್ದು ನೆನೆಹಾಕಿ ರುಬ್ಬುವ ಕಷ್ಟ ಎಲ್ಲವನ್ನೂ ಒಂದಾದಮೇಲೊಂದು ಹೇಳಿದೆ. ಆಕೆ ನಾನು ಹೇಳದಿದ್ದರೂ ಬಟ್ಟೆ ತಂದು ಚೆಲ್ಲಿದ ಹಿಟ್ಟನ್ನೆಲ್ಲ ಒರೆಸಿದಳು. ತಪ್ಪೊಪ್ಪಿಕೊಂಡ ಮೇಲೆ ಇನ್ನೇನು ಬೇಕು? ಮೊಕದ್ದಮೆ ಮುಗಿಯಿತು.

ಫ್ರಿಜ್ಜಿಗೆ ಮಾತ್ರ ತೀರ್ಪು ತಿಳಿದಂತೆ ಕಾಣಲಿಲ್ಲ. ಅವತ್ತು ರಾತ್ರಿ ನಾನೇ ಕೈಯಾರೆ ಬಾಗಿಲು ಹಾಕಿ, ಸಾಲದ್ದಕ್ಕೆ ಸ್ಟೂಲನ್ನು ಒತ್ತಾಗಿಟ್ಟು ಮಲಗಿದೆ. ಬೆಳಿಗ್ಗೆ ಕೊತ್ತಂಬರಿ ಸೊಪ್ಪು ಬೆವತು ಕೂತಿತ್ತು.

ಮೂರನೆಯ ದಿನ ಬಂದ ಮೆಕ್ಯಾನಿಕ್ ಇಪ್ಪತ್ತೈದರ ಹುಡುಗ. ಇಂಥವರು ಬಂದೊಡನೆ "ಗ್ಯಾಸ್ ಹೋಗಿದೆ ಮೇಡಂ" ಎನ್ನುತ್ತಾರೆಂಬ ಅನುಭವ ನಿಮಗೂ ಇರಬಹುದು. ಈತ ಹಾಗೆನ್ನಲಿಲ್ಲ. ಯಾರು ಏನು ಮಾಡಿದರು ಎಂದೂ ಕೇಳಲಿಲ್ಲ. "ಮೊದಲು ಕೆಳಗೆ ಬಿಸಿಯಾಯ್ತಾ, ಮೇಲೆ ಕರಗ್ತಾ?" ಎಂದು ಕೇಳಿದ. ಹಿಂದೆ ಬಗ್ಗಿ ಕಂಪ್ರೆಸರಿನ ಮೇಲೆ ಕೈಯಿಟ್ಟು ನೋಡಿದ, ಬಿಸಿಯಿತ್ತು, ಓಡುತ್ತಿತ್ತು. ಕೆಳಗೊಂದು ಥರ್ಮಾಮೀಟರ್ ಇಟ್ಟ. 4 ಡಿಗ್ರಿಯ ಆಸುಪಾಸು ಇರಬೇಕಾದ ಕಡೆ 19 ಡಿಗ್ರಿ. ಜೇಬಿನ ಹಳೇ ಬಿಲ್ಲೊಂದನ್ನು ಬಾಗಿಲಿನ ರಬ್ಬರಿಗೆ ಸಿಕ್ಕಿಸಿ ನಾಲ್ಕೂ ಕಡೆ ಎಳೆದು ನೋಡಿದ, ಎಲ್ಲೂ ಸಡಿಲವಿಲ್ಲ. ಫ್ರೀಜರಿನ ಬಾಗಿಲು ತೆಗೆದೇ ಇಟ್ಟುಕೊಂಡು, ಅಂಚಿನಲ್ಲಿದ್ದ ಪುಟ್ಟ ಸ್ವಿಚ್ಚನ್ನು ಬೆರಳಿನಿಂದ ಅದುಮಿ ಕಿವಿಗೊಟ್ಟ. ಒಳಗೆ ಫ್ಯಾನು ಐಸಿಗೆ ತಾಗಿ ಕರಕರ ಎನ್ನುತ್ತಿತ್ತು.

ಆಮೇಲೆ ಒಳಗೋಡೆಯ ಪ್ಲಾಸ್ಟಿಕ್ ಹಲಗೆ ಬಿಚ್ಚಿದ. ಅದರ ಹಿಂದೆ ಕೊಳವೆಗಳ ಸುರುಳಿ ಇದೆಯೆಂದು ಹನ್ನೊಂದು ವರ್ಷದಲ್ಲಿ ನನಗೆ ಗೊತ್ತಿರಲಿಲ್ಲ. ಆಗಲೂ ಕಾಣಿಸಲಿಲ್ಲ, ಮೇಲಿಂದ ಕೆಳಗಿನವರೆಗೆ ಹತ್ತಿ ತುಂಬಿದ ಹಾಸಿಗೆಯ ಹಾಗೆ ಮಂಜು ಕಟ್ಟಿತ್ತು. "ಗ್ಯಾಸ್ ಸೋರಿದ್ರೆ ಸುರುಳಿಯ ಒಂದು ಮೂಲೇಲಿ ಮಾತ್ರ ಮಂಜು ಇರುತ್ತೆ. ಇದು ಸಮವಾಗಿ ಎಲ್ಲಾ ಕಡೆ ಇದೆ. ಗ್ಯಾಸ್ ಸರಿಯಿದೆ" ಎಂದ. ನಮ್ಮಂಥ ಎರಡು ಬಾಗಿಲಿನ ಫ್ರಿಜ್ಜಿನಲ್ಲಿ ತಂಪಾಗುವುದು ಆ ಒಂದೇ ಸುರುಳಿಯಂತೆ. ಅದರ ಮೇಲೆ ಹಾದ ತಣ್ಣನೆಯ ಗಾಳಿಯನ್ನು ಫ್ಯಾನು ಮೇಲಕ್ಕೂ ಕೆಳಕ್ಕೂ ಹಂಚುತ್ತದೆ. ಮಂಜು ಅಡ್ಡ ಕಟ್ಟಿದರೆ ಗಾಳಿ ಹಾಯದೆ ಮೊದಲು ಕೆಳಗಿನ ಭಾಗ ಬೆಚ್ಚಗಾಗುತ್ತದೆ. ಹಾಗೆ ಕಟ್ಟದಿರಲೆಂದು ಸುರುಳಿಯ ಬುಡದಲ್ಲಿ ಹೀಟರ್ ಇರುತ್ತದೆ. ಆಗಾಗ ಅದು ತಾನೇ ಹೊತ್ತಿಕೊಂಡು ಮಂಜನ್ನು ಕರಗಿಸುತ್ತದೆ. ಆ ನೀರು ಹಿಂದಿನ ತಟ್ಟೆಗಿಳಿದು ಕಂಪ್ರೆಸರಿನ ಬಿಸಿಗೆ ಆರಿಹೋಗುತ್ತದೆ. ತಂಪು ಪೆಟ್ಟಿಗೆಯೊಳಗೆ ಒಲೆ! ನನಗೆ ನಗು ಬಂತು. ಹುಡುಗ ಮೀಟರಿನ ಎರಡು ಕಡ್ಡಿಗಳನ್ನು ಹೀಟರಿನ ತುದಿಗಳಿಗೆ ತಾಗಿಸಿದ. ಮುಳ್ಳು ಅಲ್ಲಾಡಲಿಲ್ಲ. ಹೀಟರ್ ಒಳಗೇ ತುಂಡಾಗಿತ್ತು.

"ಬಾಗಿಲು ಬಿಟ್ಟಿದ್ದಕ್ಕೆ ಹೀಗಾಯ್ತಾ?" ಎಂದು ಕೇಳಿದೆ. ಕೆಟ್ಟ ಆಸೆಯೊಂದು ನನ್ನೊಳಗೆ ಇನ್ನೂ ಉಳಿದಿತ್ತೆಂದು ಕಾಣುತ್ತದೆ.

"ಬಾಗಿಲು ಬಿಟ್ರೂ ಮಂಜು ಕಟ್ಟುತ್ತೆ ಮೇಡಂ, ನನಗೂ ಮೊದಲು ಅದೇ ಅನುಮಾನ ಬಂತು. ಅದಕ್ಕೇ ರಬ್ಬರ್ ನೋಡಿದ್ದು. ಆದ್ರೆ ಒಂದು ರಾತ್ರೀದು ಇಷ್ಟು ಆಗಲ್ಲ. ಇದು ವಾರಗಟ್ಟಲೆ ಕಟ್ಟಿದ್ದು."

ಅವನಿಗೂ ನನಗೂ ಬಂದದ್ದು ಒಂದೇ ಅನುಮಾನ. ಅವನು ಅದಕ್ಕೊಂದು ಕಾಗದ ಸಿಕ್ಕಿಸಿ ನೋಡಿದ. ನಾನು ಒಬ್ಬ ಹೆಂಗಸಿನ ತಲೆಗೆ ಕಟ್ಟಿದೆ.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವಳು ನಾನು. ಕಾಗೆ ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಸಂಬಂಧ ಕಟ್ಟಬಾರದೆಂದು ಕಾಕತಾಳೀಯ ನ್ಯಾಯವನ್ನು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದವಳು. ಆದರೆ ತರಗತಿಯಲ್ಲಿ ಕಿಟಕಿಯ ಗಾಜು ಒಡೆದಾಗ "ಯಾರು ಒಡೆದದ್ದು?" ಎಂದು ಕೇಳಿದ್ದೇನೆಯೇ ಹೊರತು "ಹೇಗೆ ಒಡೆಯಿತು?" ಎಂದು ಕೇಳಿದ ನೆನಪಿಲ್ಲ. ಯಾರು ಎಂದು ಕೇಳಿದರೆ ಒಂದು ಹೆಸರು ಸಿಗುತ್ತದೆ, ಸಿಟ್ಟಿಗೊಂದು ಜಾಗ ಸಿಗುತ್ತದೆ. ತಂತಿ ತುಂಡಾದ ಹೀಟರನ್ನು ಬಯ್ಯುವುದು ಹೇಗೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವವರನ್ನು ದಡ್ಡರೆಂದು ನಗುತ್ತೇವೆ. ಅವರು ದಡ್ಡರಲ್ಲ ಎಂದು ಈಗ ಅನ್ನಿಸುತ್ತದೆ. ಎತ್ತಿನ ಹತ್ತಿರ ಹೋದರೆ ಹಾಯುತ್ತದೆ. ಎಮ್ಮೆ ಸುಮ್ಮನೆ ನಿಲ್ಲುತ್ತದೆ, ಅಷ್ಟೆ.

ಇನ್ನೊಂದನ್ನೂ ಹೇಳಿಬಿಡಬೇಕು. ಆ ಬಾಗಿಲು ಬೆರಳಗಲ ತೆರೆದಿದ್ದುದನ್ನು ನಾನೊಮ್ಮೆ ನಿಜವಾಗಿ ಕಂಡಿದ್ದೆ, ಯುಗಾದಿಯ ಹಿಂದಿನ ದಿನ. ಹೂರಣದ ದೊಡ್ಡ ಪಾತ್ರೆ ಅಡ್ಡ ಬಂದಿತ್ತು. ಅದನ್ನು ಹಾಗಿಟ್ಟವಳು ನಾನೇ. ತೆರೆದ ಬಾಗಿಲು ನನಗೆ ನೆನಪಿತ್ತು, ಪಾತ್ರೆ ಮರೆತಿತ್ತು. ಮರೆವು ನಮಗೆ ಅನುಕೂಲವಾದ ಕಡೆಗೇ ವಾಲುತ್ತದೆ.

ಹೀಟರಿಗೂ ಕೂಲಿಗೂ ಸೇರಿ ಎರಡು ಸಾವಿರದ ಒಳಗೇ ಮುಗಿಯಿತು. ಮಾರನೆಯ ದಿನ ಆಕೆ ಬಂದಾಗ ಕಾಫಿ ಕೊಟ್ಟು, "ಬಾಗಿಲಿಂದಲ್ಲ ಕಣೇ ಆಗಿದ್ದು, ಹೀಟರ್ ಹೋಗಿತ್ತು" ಎಂದೆ. ತಪ್ಪಾಯಿತು ಎನ್ನಲು ನಾಲಿಗೆ ಇನ್ನೂ ತಡವರಿಸುತ್ತಿತ್ತು. ಆಕೆ, "ಹೌದಾ ಅಮ್ಮಾ" ಎಂದು ಲೋಟ ತೆಗೆದುಕೊಂಡಳು. ಅಷ್ಟಕ್ಕೇ ಬಿಡಬಹುದಿತ್ತು. ನಾನು ಬಿಡಲಿಲ್ಲ.

"ಮತ್ತೆ ನೀನ್ಯಾಕೆ ಮರೆತಿರಬೇಕು ಅಂದೆ?"

"ಇಲ್ಲ ಅಂದಿದ್ರೆ ನಂಬ್ತಿದ್ರಾ?"

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಬೆಲೆ ಕೇಳುವ ಹಾಗೆ ಕೇಳಿದಳು. ಇಲ್ಲ ಎಂದು ವಾದಿಸಿದ್ದರೆ ನಾನು ಇನ್ನೂ ಅರ್ಧ ಗಂಟೆ ಮಾತಾಡುತ್ತಿದ್ದೆ, ಆಮೇಲೆ ಒಂದು ವಾರ ಮುಖ ಬಿಗಿದುಕೊಂಡಿರುತ್ತಿದ್ದೆ. ಹೌದು ಎಂದರೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಆಕೆಗೆ ಇನ್ನೂ ಮೂರು ಮನೆಯ ಕೆಲಸ ಬಾಕಿಯಿರುತ್ತದೆ. ಅಂದರೆ ನಾನು ಸತ್ಯವೆಂದು ತಿಳಿದುಕೊಂಡದ್ದು ಆಕೆಯ ಲೆಕ್ಕಾಚಾರವನ್ನು.

ಲೋಟ ತೊಳೆಯುತ್ತ ಆಕೆಯೇ ಮುಂದುವರಿಸಿದಳು. "ಹಿಂದಿನ ಗೋಡೆ ಮೇಲೆ ಮಂಜು ಕಟ್ತಿದ್ದನ್ನ ನಾನು ಹತ್ತು ದಿನದ ಹಿಂದೇನೇ ನೋಡಿದ್ದೆ ಅಮ್ಮಾ. ನಮ್ಮನೇದರಲ್ಲಿ ಐಸ್ ಕಟ್ಟಿದ್ರೆ ಗುಂಡಿ ಒತ್ತಿ ಕರಗಿಸ್ತೀವಿ. ನಿಮ್ಮದರಲ್ಲಿ ಯಾವತ್ತೂ ಕಟ್ತಿರಲಿಲ್ಲವಲ್ಲ, ಇದ್ಯಾಕೆ ಅನ್ನಿಸ್ತು."

"ಹೇಳಬಾರದಿತ್ತಾ?"

ಆಕೆ ಉತ್ತರ ಕೊಡಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ. ಹೇಳಿದ್ದರೆ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ ಇಬ್ಬರಿಗೂ ಗೊತ್ತಿತ್ತು. ನನ್ನ ಮನೆಯ ಫ್ರಿಜ್ಜಿನ ಕಾಯಿಲೆಯನ್ನು ಮೊದಲು ಗುರುತಿಸಿದವಳು ಹತ್ತು ದಿನ ಅದರ ಎದುರೇ ಓಡಾಡಿಕೊಂಡು ಬಾಯಿ ಮುಚ್ಚಿಕೊಂಡಿದ್ದಳು, ನನ್ನ ಭಯಕ್ಕೆ. ಮನೆಯಲ್ಲಿ ಇನ್ನೂ ಏನೇನು ಆಕೆಗೆ ಕಂಡಿದೆಯೋ. ನನ್ನ ಮಕ್ಕಳಿಗೆ, ತರಗತಿಯಲ್ಲಿ ಕೂತು ಹೋದ ಅಷ್ಟು ಹುಡುಗಿಯರಿಗೆ, ಏನೇನು ಕಂಡಿತ್ತೋ.

"ನನ್ನದು ತಪ್ಪಾಯ್ತು" ಎಂದೆ ಕೊನೆಗೆ. "ಅಯ್ಯೋ ಬಿಡಿ ಅಮ್ಮಾ" ಎಂದಳು. ಅದು ಕ್ಷಮೆಯೋ, ಇದೂ ಹತ್ತು ನಿಮಿಷಕ್ಕೆ ಮುಗಿಯಲೆಂಬ ಇನ್ನೊಂದು ಲೆಕ್ಕವೋ, ಕೇಳುವ ಧೈರ್ಯವಾಗಲಿಲ್ಲ.

ಮಳೆ ಹಿಡಿದ ಮೇಲೆ ಒಂದು ದಿನ ಅಡುಗೆಮನೆಯಿಂದ ಕೂಗಿದಳು. "ಅಮ್ಮಾ, ಮಿಕ್ಸಿಯಿಂದ ಸುಟ್ಟ ವಾಸನೆ ಬರ್ತಿದೆ." 'ಏನು ಹಾಕಿದ್ದೆ ಅದಕ್ಕೆ?' ಎಂಬುದು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡು, "ಆಫ್ ಮಾಡು, ಬಂದೆ" ಎಂದೆ. ಹೋಗಿ ನೋಡಿದರೆ ಆಕೆ ಮಿಕ್ಸಿಯನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.