ನೆರಳಿನ ಹಕ್ಕು ಯಾರದು?



ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಬೆಂಗಳೂರಿನ ಮಲ್ಲೇಶ್ವರಂ ಅಥವಾ ಜಯನಗರದ ಹಳೆಯ ಬೀದಿಗಳಲ್ಲಿ ನಡೆದವರಿಗೆ ಮರಗಳ ಉಪಕಾರವನ್ನು ವಿವರಿಸಬೇಕಾಗಿಲ್ಲ. ಅಲ್ಲಿಂದ ಹೊರಟು ತಗಡಿನ ಮಾಡುಗಳ ಕೊಳೆಗೇರಿಯೊಂದನ್ನು ಹೊಕ್ಕರೆ ಬಿಸಿಲು ನೇರವಾಗಿ ನೆತ್ತಿಗೇ ಬಡಿಯುತ್ತದೆ. ಸೂರ್ಯನೊಬ್ಬನೇ, ನೆರಳು ಮಾತ್ರ ಎಲ್ಲರಿಗೂ ಒಂದೇ ಸಮನಾಗಿಲ್ಲ.

ತಮ್ಮ ನಿವೇಶನದಲ್ಲಿ ಮರ ಬೆಳೆಸಿದವರು ಅದರ ನೆರಳನ್ನು ಅನುಭವಿಸಿದರೆ ತಪ್ಪೇನು ಎಂದು ನೀವು ಕೇಳಬಹುದು. ಖಂಡಿತ ತಪ್ಪಿಲ್ಲ. ಆದರೆ ಬೀದಿಯ ಸಾಲುಮರಗಳೂ ಉದ್ಯಾನಗಳೂ ಸಾರ್ವಜನಿಕರ ಹಣದಿಂದ ಬೆಳೆದವು. ಅವು ಉಳ್ಳವರ ಬಡಾವಣೆಗಳಲ್ಲಿ ಅಂದವಾಗಿದ್ದು, ಸಮಾಜವು ಬೇಡವೆಂದು ಸರಿಸಿದವರ ಕೇರಿಗಳಲ್ಲಿ ಇಲ್ಲದಿರುವುದನ್ನು ಪೋಪ್ ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಎತ್ತಿ ತೋರಿಸಿದ್ದರು.

ನೀರು, ಶೌಚಾಲಯಗಳಿಗೇ ಪರದಾಡುವವರಿಗೆ ಮರವೊಂದು ಭೋಗವಲ್ಲವೇ? ದಿವ್ಯಾ ಗೋಪಾಲ್ ಮತ್ತು ಹರಿಣಿ ನಾಗೇಂದ್ರ ಎಂಬ ಸಂಶೋಧಕಿಯರು ಬೆಂಗಳೂರಿನ 44 ಕೊಳೆಗೇರಿಗಳನ್ನು ಕುರಿತು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಉತ್ತರವಿದೆ. ಅಲ್ಲಿ ಮರದ ಬುಡವೇ ಅಡುಗೆಮನೆ, ಪಾತ್ರೆ ತೊಳೆಯುವ ಜಾಗ, ಮಕ್ಕಳ ಆಟದ ಅಂಗಳ. ಪೊರಕೆ ಕಟ್ಟುವವರಿಗೂ ಟೈರು ದುರಸ್ತಿ ಮಾಡುವವರಿಗೂ ಅದೇ ದುಡಿಮೆಯ ತಾಣ. ಬಣ್ಣದ ಡಬ್ಬಿ, ಹಳೆಯ ಬಕೆಟ್, ಪ್ಲಾಸ್ಟಿಕ್ ಚೀಲಗಳಲ್ಲಿಯೂ ಅವರು ಗಿಡ ಬೆಳೆಸುತ್ತಾರೆ. ಇದನ್ನು ಭೋಗವೆನ್ನಲು ನಮಗೆ ಮನಸ್ಸು ಬಂದೀತೇ?

ಅದೇ ಅಧ್ಯಯನದ ಮತ್ತೊಂದು ಮಾತು ನಮ್ಮನ್ನು ಇನ್ನೂ ಆಳವಾಗಿ ಚಿಂತನೆಗೆ ಹಚ್ಚಬೇಕು. ವಲಸೆ ಬಂದವರ, ಜಾಗದ ಭದ್ರತೆಯಿಲ್ಲದವರ ವಸತಿಗಳಲ್ಲಿ ಗಿಡಮರಗಳು ಮತ್ತಷ್ಟು ಕಡಿಮೆ. ಅವರು ಹಸಿರನ್ನು ಪ್ರೀತಿಸುವುದಿಲ್ಲವೆಂದಲ್ಲ. ನಾಳೆ ಎಬ್ಬಿಸುವರೋ ಎಂಬ ಭಯದಲ್ಲಿ ಮಲಗುವವನು, ವರ್ಷಗಳು ಕಳೆದ ಮೇಲೆ ನೆರಳು ಕೊಡುವ ಹೊಂಗೆಯನ್ನು ಇಂದು ಹೇಗೆ ನೆಟ್ಟಾನು? ಪ್ರವಾದಿ ಮೀಕನು ಕಂಡ ಶಾಂತಿಯ ದಿನಗಳಲ್ಲಿ ಪ್ರತಿಯೊಬ್ಬನಿಗೂ ತನ್ನದೇ ಆದ ಅಂಜೂರದ ನೆರಳಿದೆ. ಅದರಡಿ ಕುಳಿತವನನ್ನು ಹೆದರಿಸುವವರು ಯಾರೂ ಇಲ್ಲ. ನೆರಳು ಮತ್ತು ನಿರ್ಭಯ ಅಲ್ಲಿ ಜೊತೆಯಾಗಿಯೇ ಬರುತ್ತವೆ.

ಆದ್ದರಿಂದ ಎಲ್ಲ ವಾರ್ಡುಗಳಿಗೂ ಸಮಸಂಖ್ಯೆಯಲ್ಲಿ ಸಸಿ ಹಂಚಿದ ಮಾತ್ರಕ್ಕೆ ನ್ಯಾಯ ಒದಗದು. ಮರವಿಲ್ಲದ ಕಡೆಯಿಂದಲೇ ನೆಡುವ ಕೆಲಸ ಆರಂಭವಾಗಬೇಕು. ಗುಡಿಸಲುಗಳನ್ನು ಎಬ್ಬಿಸಿ ಉದ್ಯಾನ ಮಾಡಿದರೆ ನಗರದ ಹಸಿರು ಹೆಚ್ಚೀತು, ನ್ಯಾಯ ಹೆಚ್ಚದು.

ಜುಲೈ ತಿಂಗಳಲ್ಲಿ ವನಮಹೋತ್ಸವ ಬರುತ್ತದೆ. ದೇವಾಲಯದ ಆವರಣದಲ್ಲಿ ಮತ್ತೊಂದು ಸಸಿ ನೆಡುವ ಮುನ್ನ ನಿಮ್ಮ ಮನೆಗೆಲಸಕ್ಕೆ ಬರುವ ಸಹೋದರಿಯನ್ನು ವಿಚಾರಿಸಿರಿ: ಆಕೆ ಮಧ್ಯಾಹ್ನ ಹಿಂತಿರುಗುವ ಬೀದಿಯಲ್ಲಿ ಮರವಿದೆಯೇ? ಆಕೆಗೆ ಬೇಕಾದದ್ದು ನುಗ್ಗೆಯೋ, ಹೊಂಗೆಯೋ? ಸಸಿಯನ್ನು ಅಲ್ಲಿಗೆ ಕೊಂಡೊಯ್ಯಿರಿ. ಮನೆಯ ಹಕ್ಕುಪತ್ರಕ್ಕಾಗಿ ಆಕೆ ಕಚೇರಿಯ ಮುಂದೆ ಕಾಯಬೇಕಾದ ದಿನ ನೀವೂ ಜೊತೆಗೆ ಹೋಗಿ ನಿಲ್ಲಿರಿ. ಆ ಸಸಿ ಮರವಾಗುವ ಹೊತ್ತಿಗೆ ಆಕೆ ಅದರ ನೆರಳಿನಲ್ಲಿಯೇ ಇರಬೇಕಲ್ಲವೇ?