ಅಣು ಒಪ್ಪಂದ ಮತ್ತು ಮುಂದಿನವರ ಋಣ

ಒಂದು ದೇಶ ಮತ್ತೊಂದಕ್ಕೆ ಅಣುಸ್ಥಾವರವನ್ನೋ ಯುರೇನಿಯಮ್ಮನ್ನೋ ಒದಗಿಸಲು ಒಪ್ಪಿದಾಗ ನಡೆಯುವುದು ಬರಿಯ ವ್ಯಾಪಾರವಲ್ಲ. ಸ್ಥಾವರವು ನಾಲ್ಕಾರು ದಶಕ ನಡೆಯುವಂಥದ್ದಾದ್ದರಿಂದ ಇಂಧನ, ಬಿಡಿಭಾಗ, ಪರಿಣತಿಗಳಿಗಾಗಿ ಎರಡೂ ದೇಶಗಳು ಹಲವು ಸರ್ಕಾರಗಳ ಆಯುಸ್ಸನ್ನು ಮೀರಿ ಪರಸ್ಪರ ಬದ್ಧವಾಗುತ್ತವೆ. ಇಂಧನ ರಾಜತಂತ್ರವನ್ನು, ಅಂದರೆ ಇಂಧನ ಮತ್ತು ತಂತ್ರಜ್ಞಾನದ ಕೊಡುಕೊಳೆಯನ್ನು ವಿದೇಶಾಂಗ ನೀತಿಯ ಸಾಧನವಾಗಿಸುವ ಕ್ರಮವನ್ನು, ಸಾಮಾನ್ಯವಾಗಿ ಹಕ್ಕು ಮತ್ತು ಹಿತಾಸಕ್ತಿಗಳ ನೆಲೆಯಿಂದಲೇ ಚರ್ಚಿಸಲಾಗುತ್ತದೆ. ಆದರೆ ಅದರ ಒಡಲಲ್ಲಿ ಒಂದು ಧರ್ಮಪ್ರಶ್ನೆಯಿದೆ: ಇನ್ನೂ ಹುಟ್ಟದವರ ಪರವಾಗಿ ಮಾತು ಕೊಡುವ ಅಧಿಕಾರ ಯಾರಿಗಿದೆ?

ತಾರಾಪುರದ ಚರಿತ್ರೆ ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಮುಂದಿಡುತ್ತದೆ. ಮಹಾರಾಷ್ಟ್ರದ ಕರಾವಳಿಯ ಈ ಸ್ಥಾವರಕ್ಕೆ ಸಂವರ್ಧಿತ ಯುರೇನಿಯಂ, ಎಂದರೆ ವಿದಳನಗೊಳ್ಳುವ ಅಂಶವನ್ನು ಹೆಚ್ಚಿಸಿದ ಇಂಧನ, ಪೂರೈಸಲು ಅಮೆರಿಕ 1963ರಲ್ಲಿ 30 ವರ್ಷಗಳ ಒಪ್ಪಂದ ಮಾಡಿಕೊಂಡಿತು. 1974ರಲ್ಲಿ ಭಾರತ ಪೋಖ್ರಾನ್‌ನಲ್ಲಿ ಅಣುಸ್ಫೋಟ ನಡೆಸಿದ ಬಳಿಕ, 1978ರಲ್ಲಿ ಅಮೆರಿಕ ತನ್ನ ಕಾನೂನನ್ನೇ ಬಿಗಿಗೊಳಿಸಿ ಪೂರೈಕೆಗೆ ತಡೆಯೊಡ್ಡಿತು. 1982ರ ಏರ್ಪಾಟಿನಂತೆ ಫ್ರಾನ್ಸ್ ಆ ಸ್ಥಾನಕ್ಕೆ ಬಂದಿತು. ಅಮೆರಿಕದ ತಡೆಯನ್ನು ಭಾರತ ವಚನಭಂಗವೆಂದರೆ, ಭಾರತದ ಸ್ಫೋಟವನ್ನು ಅಮೆರಿಕ ವಿಶ್ವಾಸಭಂಗವೆಂದಿತು. 1993ರಲ್ಲಿ ಒಪ್ಪಂದದ ಅವಧಿ ಮುಗಿಯಿತಾದರೂ, ಆ ಇಂಧನ ಉರಿದು ಉಳಿಸಿದ ವಿಕಿರಣಶೀಲ ಶೇಷದ ಹೊಣೆ ಮುಗಿಯಲಿಲ್ಲ. ಅದರಲ್ಲಿರುವ ಪ್ಲುಟೋನಿಯಂ-239ರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು 24,000 ವರ್ಷ. ಕೊಟ್ಟ ಮಾತಿಗೂ ಅದರ ಫಲಕ್ಕೂ ಇಷ್ಟೊಂದು ಅಂತರವಿರುವ ವ್ಯವಹಾರ ಮನುಷ್ಯರ ನಡುವೆ ವಿರಳ.

ವೈದಿಕ ಪರಂಪರೆಯ ಋಣಕಲ್ಪನೆ ಇಲ್ಲಿ ನೆರವಿಗೆ ಬರುತ್ತದೆ. ಮನುಷ್ಯ ಹುಟ್ಟುವಾಗಲೇ ಋಷಿ, ದೇವ, ಪಿತೃ ಎಂಬ ಮೂರು ಋಣಗಳನ್ನು ಹೊತ್ತು ಬರುತ್ತಾನೆ ಎನ್ನುವ ಈ ಚಿಂತನೆಯಲ್ಲಿ ಪಿತೃಋಣದ ಸ್ವರೂಪ ವಿಶಿಷ್ಟವಾದದ್ದು: ಹಿಂದಿನವರಿಂದ ಪಡೆದದ್ದನ್ನು ಹಿಂದಿನವರಿಗೆ ಮರಳಿಸಲಾಗದು, ಸಂತತಿಯ ಮೂಲಕ ಮುಂದಿನವರಿಗೆ ಸಲ್ಲಿಸಿಯೇ ತೀರಿಸಬೇಕು. ಜರ್ಮನಿಯಲ್ಲಿ ಹುಟ್ಟಿದ ತತ್ತ್ವಜ್ಞಾನಿ ಹಾನ್ಸ್ ಯೋನಾಸ್, ಹೊಣೆಗಾರಿಕೆಯನ್ನು ಕುರಿತ ತಮ್ಮ 1979ರ ಗ್ರಂಥದಲ್ಲಿ, ತಂತ್ರಜ್ಞಾನದ ಪರಿಣಾಮಗಳು ದೂರದ ಕಾಲಕ್ಕೂ ಚಾಚಿಕೊಂಡಿರುವುದರಿಂದ ಪರಸ್ಪರತೆಯನ್ನು ಆಧರಿಸಿದ ನೀತಿ ಸಾಲದೆಂದು ವಾದಿಸಿ, ಪ್ರತಿಫಲ ಬಯಸದ ಹೊಣೆಗೆ ತಂದೆತಾಯಿ ಮಗುವಿನ ಬಗ್ಗೆ ಹೊರುವ ಹೊಣೆಯನ್ನೇ ಮಾದರಿಯಾಗಿಸಿದರು. ಎರಡು ದೂರದ ಪರಂಪರೆಗಳು ಹೀಗೆ ಒಂದೇ ನೆಲೆಗೆ ಬಂದು ನಿಲ್ಲುತ್ತವೆ.

ಈ ನೆಲೆಯಿಂದ ನೋಡಿದರೆ ಅಣು ರಾಜತಂತ್ರದ ರೂಢಿಯ ವಾದ ಅಪೂರ್ಣವೆನಿಸುತ್ತದೆ. 1970ರಲ್ಲಿ ಜಾರಿಗೆ ಬಂದ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದವು 1967ಕ್ಕೆ ಮುಂಚೆ ಅಣುಸ್ಫೋಟ ನಡೆಸಿದ ದೇಶಗಳನ್ನಷ್ಟೇ ಅಣ್ವಸ್ತ್ರ ರಾಷ್ಟ್ರಗಳೆಂದು ಗುರುತಿಸಿತು. ಇದು ತಾರತಮ್ಯವೆಂದು ಭಾರತ ಸಹಿ ಹಾಕಲಿಲ್ಲ. 2008ರ ಸೆಪ್ಟೆಂಬರಿನಲ್ಲಿ ಅಣು ಪೂರೈಕೆದಾರರ ಗುಂಪು, ಅಂದರೆ ಅಣು ಸಾಮಗ್ರಿಯ ರಫ್ತಿಗೆ ನಿಯಮ ರೂಪಿಸುವ ದೇಶಗಳ ಕೂಟ, ಸಹಿ ಹಾಕದ ಭಾರತಕ್ಕೂ ಅಣು ವ್ಯಾಪಾರದಲ್ಲಿ ವಿನಾಯಿತಿ ಕೊಟ್ಟಾಗ ದೇಶದೇಶಗಳ ನಡುವಿನ ನ್ಯಾಯದ ಒಂದು ಕೊರತೆ ನೀಗಿತು ನಿಜ, ಆದರೆ ತಲೆಮಾರುಗಳ ನಡುವಿನ ನ್ಯಾಯ ಹಾಗೆಯೇ ಉಳಿಯಿತು. ಬಾಂಗ್ಲಾದೇಶದ ರೂಪ್‌ಪುರದಲ್ಲಿ ತಲಾ 1,200 ಮೆಗಾವ್ಯಾಟಿನ ಎರಡು ಘಟಕ ಕಟ್ಟುತ್ತಿರುವ ರಷ್ಯಾ, ಬಳಸಿದ ಇಂಧನವನ್ನು ಮರಳಿ ಒಯ್ಯಲು ಒಪ್ಪಿರುವುದು ಹೊಣೆಯನ್ನು ಒಪ್ಪಂದದೊಳಗೇ ತಂದ ಹೆಜ್ಜೆ. ಆದರೂ ಇದರಿಂದ ಭಾರ ಒಂದು ನಾಡಿನ ಮುಂದಿನವರಿಂದ ಮತ್ತೊಂದು ನಾಡಿನ ಮುಂದಿನವರ ಹೆಗಲಿಗೆ ದಾಟುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ವಿದೇಶದ ಹಂಗಿಲ್ಲದಿದ್ದರೂ ಈ ಋಣ ತಪ್ಪದೆಂಬುದಕ್ಕೆ ಉತ್ತರ ಕನ್ನಡದ ಕೈಗಾ ಸಾಕ್ಷಿ. ಕಾಳಿ ಕಣಿವೆಯಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳು ದೇಶದ್ದೇ ಯುರೇನಿಯಮ್ಮಿನಿಂದ ನಡೆಯುತ್ತವೆ. ಅವುಗಳ ಶೇಷವೂ ಅಷ್ಟೇ ದೀರ್ಘಾಯು. ಹಾಗೆಂದು ಅಣುಶಕ್ತಿಯನ್ನು ತೊರೆದ ಮಾತ್ರಕ್ಕೆ ಋಣಮುಕ್ತಿ ದೊರೆಯದು, ಏಕೆಂದರೆ ಅದರ ಬದಲು ಉರಿಸುವ ಕಲ್ಲಿದ್ದಲು ಮುಂದಿನವರ ವಾತಾವರಣದ ಮೇಲೆಯೇ ಸಾಲ ಹೇರುತ್ತದೆ. ಆದ್ದರಿಂದ ಧರ್ಮ ಇಲ್ಲಿ ಕೇಳುವುದು ನಿರಾಕರಣೆಯನ್ನಲ್ಲ, ಪ್ರಾಮಾಣಿಕ ಲೆಕ್ಕವನ್ನು: ಪ್ರತಿ ಅಣು ಒಪ್ಪಂದವೂ ಎಷ್ಟು ಮೆಗಾವ್ಯಾಟ್ ಎನ್ನುವುದರ ಜೊತೆಗೆ ಶೇಷ ಎಲ್ಲಿ, ಯಾರ ಕಾವಲಿನಲ್ಲಿ, ಯಾವ ನಿಧಿಯಿಂದ ಎಂಬುದನ್ನೂ ಬರೆದಿಡಬೇಕು. ಸಹಿ ಹಾಕುವವರು ಬೆಳಕನ್ನು ಪಡೆಯುವಷ್ಟೇ ಗಂಭೀರವಾಗಿ ಈ ಹೊಣೆಯನ್ನು ಹೊತ್ತಾಗ ಮಾತ್ರ ಹುಟ್ಟದವರ ಪರವಾಗಿ ಕೊಟ್ಟ ಮಾತಿಗೆ ಧರ್ಮದ ಬಲ ಬರುತ್ತದೆ.